ಕಾವಲುಗಾರನಿಲ್ಲದ ಕಣಜ: ಕೊಲ್ಲಾಪುರ ಸೀಮೆಯ ಸಹಕಾರಿ ಬೇಂಕುಗಳೂ ಗಣಕಯಂತ್ರದ ಕಳ್ಳರೂ

2018ನೆಯ ಇಸವಿ ಆಗಸ್ಟ್ 11, ತಿಂಗಳ ಎರಡನೆಯ ಶನಿವಾರ. ಬೇಂಕುಗಳಿಗೆ ರಜೆ. ಆ ದಿನ ಕೊಲ್ಲಾಪುರದ ಹಲವು ಎ.ಟಿ.ಎಂ. ಕೋಣೆಗಳಿಗೆ ಕೆಲವರು ಹೊಕ್ಕು ಹೊರಟು ಮಾಡುತ್ತಿದ್ದರು. ಒಂದು ಕಾರ್ಡು ಆದ ಮೇಲೆ ಇನ್ನೊಂದು ಕಾರ್ಡು. ಹಾಕಿದ ಕಾರ್ಡಿಗೆಲ್ಲ ಯಂತ್ರ ಹಣ ಕೊಡುತ್ತಲೇ ಹೋಯಿತು. ಆ ಕಾರ್ಡುಗಳು ಅವರವಲ್ಲ. ಪುಣೆಯ ಕಾಸ್ಮಾಸ್ ಸಹಕಾರಿ ಬೇಂಕಿನ ಗಿರಾಕಿಗಳ ಕಾರ್ಡಿನ ವಿವರಗಳನ್ನು ಕದ್ದು ಮಾಡಿದ ನಕಲುಗಳು. ಕೊಲ್ಲಾಪುರ ಒಂದರಲ್ಲೇ ಹೀಗೆ ಹೊರಬಿದ್ದ ಹಣ ಸುಮಾರು 89 ಲಕ್ಷ ರೂಪಾಯಿ ಎಂದು ಆಮೇಲೆ ತನಿಖೆಯಿಂದ ತಿಳಿದುಬಂತು.

ಕೊಲ್ಲಾಪುರವೆಂದರೆ ನಮ್ಮ ಕಾಸರಗೋಡಿನ ಕಡೆಯವರಿಗೆ ಮಹಾಲಕ್ಷ್ಮಿಯ ಕ್ಷೇತ್ರ, ಚಪ್ಪಲಿಯ ಊರು, ಬೆಲ್ಲದ ಪೇಟೆ. ಅಲ್ಲಿ ನಡೆದ ಈ ಲೂಟಿಯ ಕಥೆಯನ್ನು ಇಲ್ಲಿ ಹೇಳುವ ಅಗತ್ಯವೇನೆಂದು ಓದುಗರು ಕೇಳಬಹುದು. ಸಹಕಾರಿ ಬೇಂಕಿನಲ್ಲಿ ದುಡ್ಡಿಟ್ಟವರು, ರಾಜ್ಯದ ಗಡಿಯಲ್ಲಿ ವಾಸಿಸುವವರು, ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂದು ಬದುಕುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದೇವೆ. ಅಲ್ಲಿ ಆದುದು ಇಲ್ಲಿ ಆಗಲಾರದೆನ್ನಲು ಯಾವ ಆಧಾರವೂ ಇಲ್ಲ.

ಮೊದಲು ಆ ಲೂಟಿಯ ಬಗೆಯನ್ನು ತಿಳಿಯಬೇಕು. ಹಿಂದಿನ ಕಾಲದ ಬೇಂಕನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚೆಕ್ಕನ್ನು ಕೌಂಟರಿನಲ್ಲಿ ಕೊಟ್ಟರೆ ಗುಮಾಸ್ತರು ಹಿತ್ತಾಳೆಯ ಟೋಕನು ಕೊಡುತ್ತಿದ್ದರು. ಚೆಕ್ಕು ಒಳಗೆ ಲೆಡ್ಜರು ನೋಡುವವರ ಬಳಿಗೆ ಹೋಗುತ್ತಿತ್ತು. ಅವರು ಖಾತೆಯಲ್ಲಿ ಹಣವಿದೆಯೆ, ಸಹಿ ತಾಳೆಯಾಗುತ್ತದೆಯೆ ಎಂದು ನೋಡಿ ಸರಿ ಎಂದ ಮೇಲೆಯೇ ನಗದು ಗುಮಾಸ್ತರ ಕೈಯಿಂದ ನೋಟು ಹೊರಬರುತ್ತಿತ್ತು. ಎ.ಟಿ.ಎಂ. ಯಂತ್ರದಲ್ಲೂ ನಡೆಯುವುದು ಇದೇ. ಯಂತ್ರ ಕೇಳಿದ ಪ್ರಶ್ನೆ ರುಪೇ ಅಥವಾ ವೀಸಾ ಜಾಲದ ಮೂಲಕ ಬೇಂಕಿನ 'ಸ್ವಿಚ್' ಎಂಬ ಗಣಕಯಂತ್ರಕ್ಕೆ ಬರುತ್ತದೆ. ಅದು ಒಳಗಿನ ಮುಖ್ಯ ಲೆಕ್ಕದ ಯಂತ್ರವನ್ನು ಕೇಳಿ ಉತ್ತರ ಹೇಳುತ್ತದೆ. ಕಾಸ್ಮಾಸ್ ಬೇಂಕಿನಲ್ಲಿ ಕಳ್ಳರು ಮಾಡಿದ್ದು ಇಷ್ಟೆ: ಕೇಡಿನ ತಂತ್ರಾಂಶವೊಂದನ್ನು ಮೊದಲೇ ಒಳಹೊಗಿಸಿ, ನಿಜವಾದ ಸ್ವಿಚ್ಚಿನ ಪಕ್ಕದಲ್ಲಿ ಒಂದು ಸುಳ್ಳು ಸ್ವಿಚ್ಚನ್ನು ಕೂಡಿಸಿದರು. ಬಂದ ಪ್ರಶ್ನೆಗಳು ಲೆಡ್ಜರಿನವರೆಗೆ ಹೋಗಲೇ ಇಲ್ಲ. ನಡುವೆ ಕುಳಿತ ಸುಳ್ಳುಗಾರ ಗುಮಾಸ್ತ ಪ್ರತಿಯೊಂದಕ್ಕೂ 'ಸರಿ, ಕೊಡಿ' ಎನ್ನುತ್ತ ಹೋದ.

ಹೀಗೆ ಆ ಒಂದೇ ದಿನ 28 ದೇಶಗಳ ಎ.ಟಿ.ಎಂ.ಗಳಿಂದ ಸುಮಾರು 12,000 ಸಲ ವೀಸಾ ಕಾರ್ಡುಗಳ ಮೂಲಕ 78 ಕೋಟಿ ರೂಪಾಯಿ ಹೋಯಿತು. ಭಾರತದೊಳಗೆ ರುಪೇ ಕಾರ್ಡುಗಳ ಮೂಲಕ 2,849 ಸಲ ಹಣ ತೆಗೆದು ಎರಡೂವರೆ ಕೋಟಿ ಒಯ್ದರು. ಅಂದರೆ ಒಂದೊಂದು ಸಲಕ್ಕೆ ಸರಾಸರಿ ಒಂಬತ್ತು ಸಾವಿರಕ್ಕಿಂತ ತುಸು ಕಡಿಮೆ. ಆ ಲೆಕ್ಕದಲ್ಲಿ ಕೊಲ್ಲಾಪುರದ 89 ಲಕ್ಷವನ್ನು ತೆಗೆಯಲು ಸರಿಸುಮಾರು ಸಾವಿರ ಸಲ ಯಂತ್ರದ ಗುಂಡಿ ಒತ್ತಿರಬೇಕು! ದೇಶದೊಳಗೆ ಹೋದ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಈ ಒಂದು ಊರಿನಲ್ಲೇ ಹೊರಬಿತ್ತು. ಭಾನುವಾರ ಕಳೆದು ಸೋಮವಾರ, 13ರಂದು, ಅದೇ ಕಳ್ಳರು ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಹಣ ರವಾನೆಯ ವ್ಯವಸ್ಥೆಯ ಮೂಲಕ ಇನ್ನೂ 13.92 ಕೋಟಿಯನ್ನು ಹಾಂಗ್‌ಕಾಂಗಿನ ಹಾಂಗ್ ಸೆಂಗ್ ಬೇಂಕಿನಲ್ಲಿದ್ದ ಒಂದು ವ್ಯಾಪಾರಿ ಕಂಪೆನಿಯ ಖಾತೆಗೆ ಕಳುಹಿಸಿದರು. ಒಟ್ಟು 94.42 ಕೋಟಿ ರೂಪಾಯಿ. 1906ರಲ್ಲಿ ಸ್ಥಾಪನೆಯಾದ, ದೇಶದ ನಗರ ಸಹಕಾರಿ ಬೇಂಕುಗಳಲ್ಲಿ ಮುಂಚೂಣಿಯಲ್ಲಿರುವ ಒಂದು ಸಂಸ್ಥೆಗೆ ಎರಡು ದಿನಗಳ ಅಂತರದಲ್ಲಿ ಬಿದ್ದ ಹೊಡೆತ ಇದು.

ಠೇವಣಿದಾರರ ಖಾತೆಯಿಂದ ಒಂದು ಕಾಸೂ ಕಡಿಮೆಯಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪ್ರಶ್ನೆಯೇ ಲೆಡ್ಜರನ್ನು ಮುಟ್ಟದೆ ಇದ್ದುದರಿಂದ ಯಾರ ಖಾತೆಗೂ ಖರ್ಚು ಬೀಳಲಿಲ್ಲ; ನಷ್ಟ ಬೇಂಕಿನದಾಯಿತು. ಆದರೆ ಸಹಕಾರಿ ಬೇಂಕಿನ ಒಡೆಯರು ಯಾರು? ಅದರ ಸದಸ್ಯರು. ಆದುದರಿಂದ ಬೇಂಕಿನ ನಷ್ಟ, ನಮ್ಮದಲ್ಲ ಎಂದು ಸಮಾಧಾನಪಡುವುದು ಒಂದು ಬಗೆಯ ಆತ್ಮವಂಚನೆಯೇ ಸರಿ.

ಶನಿವಾರವನ್ನೇ ಏಕೆ ಆರಿಸಿಕೊಂಡರು ಎಂಬುದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬೇಂಕಿನಿಂದ 8 ಕೋಟಿ 10 ಲಕ್ಷ ಡಾಲರನ್ನು ಕದ್ದವರೂ ವಾರದ ರಜೆಯನ್ನೇ ನೋಡಿಕೊಂಡಿದ್ದರು. ಕಾಸ್ಮಾಸಿಗಿಂತ ಆರು ತಿಂಗಳು ಮೊದಲು, 2018ರ ಫೆಬ್ರವರಿಯಲ್ಲಿ, ಕುಂಭಕೋಣದ ಸಿಟಿ ಯೂನಿಯನ್ ಬೇಂಕಿನಿಂದ ಸ್ವಿಫ್ಟ್ ಮೂಲಕ ಸುಮಾರು 20 ಲಕ್ಷ ಡಾಲರನ್ನು ಸಾಗಿಸಲು ಪ್ರಯತ್ನ ನಡೆದಿತ್ತು. ಎ.ಟಿ.ಎಂ.ಗಳ ಮೇಲೆ ಜಗತ್ತಿನಾದ್ಯಂತ ಏಕಕಾಲಕ್ಕೆ ದಾಳಿ ನಡೆಯಬಹುದೆಂದು ಅಮೆರಿಕದ ಎಫ್.ಬಿ.ಐ. ಬೇಂಕುಗಳಿಗೆ ಎಚ್ಚರಿಕೆ ಕೊಟ್ಟದ್ದು ಆಗಸ್ಟ್ 10ರಂದು, ಲೂಟಿಯ ಹಿಂದಿನ ದಿನ. ಎಚ್ಚರಿಕೆ ಬರುವುದು ಒಂದು ಸಂಗತಿ. ರಜೆಯ ದಿನ ಅದನ್ನು ಓದಿ, ಸಂಬಂಧಪಟ್ಟ ಯಂತ್ರದ ಮುಂದೆ ಕುಳಿತು, ಏನೋ ಎಡವಟ್ಟಾಗುತ್ತಿದೆಯೆಂದು ಗುರುತಿಸಿ ತಡೆಯಬಲ್ಲ ಒಬ್ಬ ಮನುಷ್ಯನಿರುವುದು ಬೇರೆಯೇ ಸಂಗತಿ. ತಿಜೋರಿಗೆ ಎರಡು ಬೀಗದ ಕೈ, ಅವು ಇಬ್ಬರು ಅಧಿಕಾರಿಗಳ ಬಳಿ ಎಂಬ ನಿಯಮವನ್ನು ನೂರು ವರ್ಷದಿಂದ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದ ಬೇಂಕುಗಳು, ತಿಜೋರಿಗಿಂತ ನೂರು ಪಟ್ಟು ಹಣವನ್ನು ಆಡಿಸುವ ಯಂತ್ರದ ಕೋಣೆಗೆ ಅಷ್ಟೇ ಶ್ರದ್ಧೆ ತೋರಿಸಿದ್ದವೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಇನ್ನು ಆ ಸೀಮೆಯನ್ನು ಸ್ವಲ್ಪ ನೋಡೋಣ. ಕೊಲ್ಲಾಪುರ ಜಿಲ್ಲೆಯಲ್ಲಿ ಸಹಕಾರವೆಂಬುದು ಇಲಾಖೆಯ ಹೆಸರಲ್ಲ, ಜನಜೀವನದ ರೀತಿ. ಹಾಲು, ಕಬ್ಬು, ನೂಲು, ಸಾಲ ಎಲ್ಲಕ್ಕೂ ಒಂದೊಂದು ಸಂಘ. ಪಂಚಗಂಗೆಯ ದಡದ ಇಚಲಕರಂಜಿ ವಿದ್ಯುತ್ ಮಗ್ಗಗಳ ಊರು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಅದಕ್ಕಿದೆ. 2022ರಲ್ಲಿ ಅದು ಮಹಾನಗರಪಾಲಿಕೆಯಾಯಿತು. ಅಲ್ಲಿಯ ನೇಕಾರರಲ್ಲಿ, ವ್ಯಾಪಾರಿಗಳಲ್ಲಿ ಕನ್ನಡ ಮನೆಮಾತಿನವರು ಸಾಕಷ್ಟಿದ್ದಾರೆ. ಗಡಹಿಂಗ್ಲಜ ಹಿರಣ್ಯಕೇಶಿ ನದಿಯ ಬದಿಯ ತಾಲೂಕು ಕೇಂದ್ರ. ಅದೇ ನದಿ ಕೆಳಗೆ ಹರಿದು ಬೆಳಗಾವಿ ಜಿಲ್ಲೆಯ ಸಂಕೇಶ್ವರವನ್ನು ಮುಟ್ಟುತ್ತದೆ. ಸಂಕೇಶ್ವರದ ಸಂತೆಗೆ ಹೋಗಿ ಬರುವವರಿಗೆ ರಾಜ್ಯದ ಗಡಿ ಎಂಬುದು ಬಸ್ಸಿನ ಬಣ್ಣದಲ್ಲಿ ಮಾತ್ರ ತಿಳಿಯುವ ವಸ್ತು. (ಗಡಹಿಂಗ್ಲಜದವರ ಕಾಲ್ಚೆಂಡಿನ ಹುಚ್ಚು ನಮ್ಮ ಮಲಬಾರಿನವರಿಗೆ ಸರಿಸಾಟಿಯಾದದ್ದು, ಅದು ಬೇರೆಯೇ ಲೇಖನಕ್ಕೆ ವಿಷಯ.)

ಇಂಥ ಊರುಗಳಲ್ಲಿ ಬೇಂಕು ನಿಂತದ್ದು ಪರಿಚಯದ ಮೇಲೆ. ಆಡಳಿತ ಮಂಡಲಿಯವರು ಊರಿನವರು, ಮೇನೇಜರು ಪಕ್ಕದ ಓಣಿಯವರು. ಪಿಗ್ಮಿ ಹಣಕ್ಕೆ ಬರುವಾತನಂತೂ ಮನೆಯ ಹುಡುಗನಿದ್ದ ಹಾಗೆ. ಈ ಪಿಗ್ಮಿ ನಮ್ಮ ಕರಾವಳಿಯ ಕೊಡುಗೆ ಎಂಬುದನ್ನು ಮರೆಯುವಂತಿಲ್ಲ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬೇಂಕಿಂಗ್ ಸಿಂಡಿಕೇಟ್ ಸುರುಮಾಡಿದ ಈ ಉಳಿತಾಯದ ಪದ್ಧತಿ ಕೊಲ್ಲಾಪುರ ಸೀಮೆಯಲ್ಲಿ ಅದೇ ಹೆಸರಿನಿಂದ ಮನೆಮಾತಾಗಿದೆ. ದಿನಕ್ಕಿಷ್ಟು ಎಂದು ಕೊಟ್ಟ ಹಣಕ್ಕೆ ಹಿಂದೆ ಪುಟ್ಟ ಪುಸ್ತಕದಲ್ಲಿ ಸಹಿ ಬೀಳುತ್ತಿತ್ತು. ಈಗ ಕೈಯಲ್ಲಿ ಹಿಡಿದ ಯಂತ್ರವೋ ಮೊಬೈಲೋ ಚೀಟಿ ಕೊಡುತ್ತದೆ. ಮುಖ ಅದೇ ಆದರೂ ಲೆಕ್ಕ ಮಾತ್ರ ಯಾವುದೋ ದೂರದ ಊರಿನ ಸರ್ವರಿನಲ್ಲಿ ಕುಳಿತಿದೆ. ಠೇವಣಿದಾರನ ನಂಬಿಕೆ ಇನ್ನೂ ಪಿಗ್ಮಿಯ ಹುಡುಗನ ಮೇಲೆಯೇ ಇದೆ; ಆದರೆ ಹಣದ ಭದ್ರತೆ ಈಗ ಅವನ ಕೈಯಲ್ಲೂ ಇಲ್ಲ, ಮೇನೇಜರ ಕೈಯಲ್ಲೂ ಇಲ್ಲ.

ಎಷ್ಟು ದೂರದ ಕೈಯಲ್ಲಿದೆ ಎಂಬುದು 2024ರ ಜುಲೈ 31ರಂದು ಬಯಲಾಯಿತು. ಸಣ್ಣ ಬೇಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಕಂಪೆನಿಯ ವ್ಯವಸ್ಥೆಗೆ ಸುಲಿಗೆಯ ತಂತ್ರಾಂಶ ತಗುಲಿತು. ಕಡತಗಳಿಗೆಲ್ಲ ಬೀಗ ಹಾಕಿ, ಹಣ ಕೊಟ್ಟರೆ ಬೀಗದ ಕೈ ಕೊಡುತ್ತೇನೆ ಎನ್ನುವ ಜಾತಿಯದು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪೆನಿಯ ಸಂಪರ್ಕವನ್ನೇ ಕಡಿದುಹಾಕಿತು. ಪರಿಣಾಮವಾಗಿ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬೇಂಕುಗಳ ಯು.ಪಿ.ಐ., ಎ.ಟಿ.ಎಂ. ವ್ಯವಹಾರ ಸ್ತಬ್ಧವಾಯಿತು. ಮರುದಿನ ಸಂಪರ್ಕ ಮತ್ತೆ ಕೂಡಿಸಲಾಯಿತು, ನಿಜ. ಸಿ-ಎಡ್ಜ್ ಸಾಮಾನ್ಯ ಕಂಪೆನಿಯಲ್ಲ. ಟಾಟಾ ಕನ್ಸಲ್ಟೆನ್ಸಿ ಮತ್ತು ಸ್ಟೇಟ್ ಬೇಂಕು ಸೇರಿ ಕಟ್ಟಿದ್ದು. ದೊಡ್ಡವರ ಆಸರೆಯಲ್ಲಿದ್ದರೆ ಕ್ಷೇಮ ಎಂದು ನಂಬಿದ್ದ ಸಣ್ಣ ಬೇಂಕುಗಳಿಗೆ ಆ ದಿನ ಗಿರಾಕಿಗಳ ಪ್ರಶ್ನೆಗೆ ಉತ್ತರ ಹೇಳುವುದೂ ಕಷ್ಟವಾಗಿರಬೇಕು. ಕೊನೆಗೂ ಬೀಗ ಯಾರ ಮನೆಯದು, ಕೈ ಯಾರ ಬಳಿ ಎಂಬ ಪ್ರಶ್ನೆ ಅದು.

ಸರಕಾರ, ರಿಸರ್ವ್ ಬೇಂಕು ಸುಮ್ಮನೆ ಕುಳಿತಿಲ್ಲ. ವಾಣಿಜ್ಯ ಬೇಂಕುಗಳಿಗೆ ಸೈಬರ್ ಭದ್ರತೆಯ ಚೌಕಟ್ಟನ್ನು ರಿಸರ್ವ್ ಬೇಂಕು ಹಾಕಿಕೊಟ್ಟದ್ದು 2016ರ ಜೂನ್ 2ರಂದು. ನಗರ ಸಹಕಾರಿ ಬೇಂಕುಗಳಿಗೆ ಅಂಥದೇ ಮೂಲಭೂತ ಸೂತ್ರಗಳು ಬಂದದ್ದು 2018ರ ಅಕ್ಟೋಬರ್ 19ರಂದು. ಕಾಸ್ಮಾಸ್ ಲೂಟಿ ಆಗಿ ಎರಡು ತಿಂಗಳು ಕಳೆದ ಮೇಲೆ ಎಂಬುದನ್ನು ಓದುಗರು ಗಮನಿಸಬೇಕು. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಅಗಳಿ ಹಾಕಿದರೆಂದು ಮೂಗು ಮುರಿಯುವುದು ಸುಲಭ. ಲಾಯದಲ್ಲಿ ಇನ್ನೂ ಸಾವಿರಾರು ಕುದುರೆಗಳಿದ್ದುವಾದ್ದರಿಂದ ಆ ಅಗಳಿಯೂ ಬೇಕಿತ್ತು. 2019ರ ಡಿಸೆಂಬರ್ 31ರ ಆದೇಶ ಇನ್ನಷ್ಟು ವಿವರವಾದುದು. ಸಹಕಾರಿ ಬೇಂಕುಗಳನ್ನು ಅವು ನಡೆಸುವ ವಿದ್ಯುನ್ಮಾನ ವ್ಯವಹಾರಕ್ಕೆ ತಕ್ಕಂತೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿ, ಸ್ವಂತ ಸ್ವಿಚ್ಚನ್ನೂ ಸ್ವಿಫ್ಟನ್ನೂ ಇಟ್ಟುಕೊಂಡ ದೊಡ್ಡ ಬೇಂಕುಗಳ ಮೇಲೆ ಹೆಚ್ಚಿನ ಹೊಣೆ ಹೊರಿಸಿತು. ಅಂಥವು ಹಗಲಿರುಳು ಯಂತ್ರಗಳ ಮೇಲೆ ಕಣ್ಣಿಡುವ ಕಾವಲು ಕೇಂದ್ರ ನಡೆಸಬೇಕು. ಅಳತೆಗೆ ತಕ್ಕ ಅಂಗಿ ಹೊಲಿಸಿದ ಈ ಕ್ರಮ ಒಳ್ಳೆಯದೇ. ಕಾಂತಪಟ್ಟಿಯ ಹಳೆಯ ಕಾರ್ಡುಗಳನ್ನು 2018ರ ಅಂತ್ಯದೊಳಗೆ ಚಿಪ್ಪಿನ ಕಾರ್ಡುಗಳಿಗೆ ಬದಲಿಸಬೇಕೆಂಬ ಆಜ್ಞೆ ಇತ್ತು. ಪಟ್ಟಿಯ ಕಾರ್ಡನ್ನು ನಕಲು ಮಾಡಿದಷ್ಟು ಸುಲಭವಾಗಿ ಚಿಪ್ಪನ್ನು ನಕಲು ಮಾಡಲಾಗದು. 2020ರ ಜನವರಿಯ ಇನ್ನೊಂದು ಆದೇಶದಿಂದಾಗಿ ಹೊಸ ಕಾರ್ಡು, ಗಿರಾಕಿಯೇ ಕೇಳಿಕೊಳ್ಳದ ಹೊರತು, ದೇಶದ ಹೊರಗೆ ನಡೆಯುವುದಿಲ್ಲ. ಎಂದೂ ಕೊಲ್ಲಾಪುರ ದಾಟದ ನೇಕಾರನ ಕಾರ್ಡು 28 ದೇಶಗಳಲ್ಲಿ ಕೆಲಸ ಮಾಡಬೇಕಾದ ಅಗತ್ಯವಾದರೂ ಏನಿತ್ತು?

ಆದರೆ ಆದೇಶವನ್ನು ನಡೆಸುವವರು ಬೇಕಲ್ಲ. ಇದು ಈ ಲೇಖನದ ಮುಖ್ಯ ವಿಷಯ. 2013ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ರಾಷ್ಟ್ರೀಯ ಸೈಬರ್ ಭದ್ರತಾ ನೀತಿಯಲ್ಲಿ ಐದು ವರ್ಷಗಳೊಳಗೆ ಐದು ಲಕ್ಷ ಮಂದಿ ನುರಿತ ಕೆಲಸಗಾರರನ್ನು ತಯಾರಿಸುವ ಗುರಿಯಿತ್ತು. ಐದು ವರ್ಷವೆಂದರೆ ಸರಿಯಾಗಿ 2018! ಕಾಸ್ಮಾಸ್ ಸೂರೆಹೋದ ವರ್ಷ. ಗುರಿಯ ಲೆಕ್ಕ ಏನಾದರೂ ಆಗಲಿ, ತರಬೇತಾದವರು ಹೋಗುವುದು ಬೆಂಗಳೂರು, ಪುಣೆ, ಹೈದರಾಬಾದುಗಳ ದೊಡ್ಡ ಕಂಪೆನಿಗಳಿಗೆ. ಏಳೆಂಟು ಶಾಖೆಗಳ ತಾಲೂಕು ಬೇಂಕು ಅಂಥವರಿಗೆ ಕೊಡಬಲ್ಲ ಸಂಬಳ ಎಷ್ಟು? ಅಂಥ ಕಡೆ ಕಂಪ್ಯೂಟರ್ ತಿಳಿದ ಗುಮಾಸ್ತರೊಬ್ಬರ ತಲೆಗೆ ಭದ್ರತೆಯ ಹೊಣೆಯೂ ಬೀಳುವುದು ಸಹಜ. ಪ್ರಿಂಟರು ಕೆಟ್ಟರೂ ಅವರೇ, ಕಳ್ಳ ನುಗ್ಗಿದರೂ ಅವರೇ. ವರ್ಷಕ್ಕೊಮ್ಮೆ ಆಡಿಟ್ ಬಂದಾಗ ಕಾಗದ ತುಂಬಿಸಿದರೆ ಭದ್ರತೆ ಆಯಿತೆಂದು ತಿಳಿಯುವ ಅಭ್ಯಾಸ ನಮ್ಮ ಕಚೇರಿಗಳಿಗೆ ಹೊಸದಲ್ಲ.

ಈ ಕೆಲಸ ನಿಜವಾಗಿ ಎಂಥದು ಎಂಬುದನ್ನು ನಮ್ಮ ಹುಡುಗರಿಗೆ ಯಾರೂ ಸರಿಯಾಗಿ ಹೇಳುತ್ತಿಲ್ಲ. ಸಿನೆಮಾದಲ್ಲಿ ತೋರಿಸುವಂತೆ ಕತ್ತಲ ಕೋಣೆಯಲ್ಲಿ ಕುಳಿತು ಕ್ಷಣದಲ್ಲಿ ಬೀಗ ಒಡೆಯುವ ಚಮತ್ಕಾರವಲ್ಲ ಅದು. ಬಹುಪಾಲು ತಾಳ್ಮೆಯ ಕೆಲಸ. ಯಾವ ಯಂತ್ರ ಎಲ್ಲಿದೆ ಎಂಬ ಪಟ್ಟಿ ಇಡುವುದು, ತಂತ್ರಾಂಶದ ಹರಕುಗಳಿಗೆ ಹೊತ್ತಿಗೆ ಸರಿಯಾಗಿ ತೇಪೆ ಹಾಕುವುದು, ಕೆಲಸ ಬಿಟ್ಟುಹೋದವರ ಪ್ರವೇಶದ ಗುರುತನ್ನು ಆ ದಿನವೇ ಅಳಿಸುವುದು, ನಕಲು ಪ್ರತಿಗಳನ್ನು ಬೇರೆ ಜಾಗದಲ್ಲಿಟ್ಟು ಅವು ನಿಜಕ್ಕೂ ತೆರೆಯುತ್ತವೆಯೆ ಎಂದು ಪರೀಕ್ಷಿಸುವುದು, ಯಂತ್ರಗಳು ಬರೆದಿಡುವ ದಿನಚರಿಯನ್ನು ಓದುವುದು. ಶನಿವಾರ ಅಪರಾಹ್ನ ಒಂದೇ ಬೇಂಕಿನ ಕಾರ್ಡುಗಳು ಕೊಲ್ಲಾಪುರದಲ್ಲೂ ವಿದೇಶದಲ್ಲೂ ಏಕಕಾಲಕ್ಕೆ ಸಾವಿರ ಸಾವಿರ ಸಲ ಓಡಾಡುತ್ತಿವೆ, ಆದರೆ ಲೆಡ್ಜರಿನಲ್ಲಿ ಒಂದು ಖರ್ಚೂ ಬೀಳುತ್ತಿಲ್ಲ ಎಂಬುದನ್ನು ಹೋಲಿಸಿ ನೋಡಲು ಮಹಾಪಾಂಡಿತ್ಯ ಬೇಕಿಲ್ಲ. ಲೆಕ್ಕ ತಾಳೆಹಾಕುವ ಶ್ರದ್ಧೆ, ಸಂಶಯ ಬಂದಾಗ ಮೇಲಧಿಕಾರಿಯನ್ನು ನಿದ್ದೆಯಿಂದ ಎಬ್ಬಿಸುವ ಧೈರ್ಯ, ಇವೆರಡು ಬೇಕು. ಎರಡನೆಯದು ಹೆಚ್ಚು ದುರ್ಲಭ.

ಕಲಿಯುವ ದಾರಿ ಇಲ್ಲದಿಲ್ಲ. ಕೊಲ್ಲಾಪುರದಲ್ಲಿ 1962ರಿಂದ ಶಿವಾಜಿ ವಿಶ್ವವಿದ್ಯಾನಿಲಯವಿದೆ. ಇಚಲಕರಂಜಿಯ ಹಳೆಯ ರಾಜವಾಡೆಯಲ್ಲಿ ಡಿ.ಕೆ.ಟಿ.ಇ. ಇಂಜಿನಿಯರಿಂಗ್ ಸಂಸ್ಥೆಯಿದೆ. ನಮ್ಮಲ್ಲಿ ಪೊವ್ವಲಿನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜು ಇದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಕಂಪ್ಯೂಟರಿನ ಪದವಿಯೇ ಆಗಬೇಕೆಂದೂ ಇಲ್ಲ. ಲೆಕ್ಕಪರಿಶೋಧಕರ ಸಂಸ್ಥೆ ತನ್ನ ಸದಸ್ಯರಿಗೆ ಮಾಹಿತಿ ವ್ಯವಸ್ಥೆಗಳ ಪರಿಶೋಧನೆಯಲ್ಲಿ ಪ್ರತ್ಯೇಕ ಅರ್ಹತೆ ಕೊಡುತ್ತದೆ. ವಾಣಿಜ್ಯ ಓದಿದ ಹುಡುಗಿಯೊಬ್ಬಳು ಬೇಂಕಿನ ವ್ಯವಹಾರವನ್ನೂ ಯಂತ್ರದ ವ್ಯವಹಾರವನ್ನೂ ಒಟ್ಟಿಗೆ ತಿಳಿದರೆ ಬರಿಯ ಇಂಜಿನಿಯರನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2004ರಿಂದ ಕೆಲಸ ಮಾಡುತ್ತಿದ್ದು, ಪರಿಶೋಧನೆ ಮಾಡಲು ಅರ್ಹವಾದ ಸಂಸ್ಥೆಗಳ ಪಟ್ಟಿಯನ್ನು ಇಡುತ್ತದೆ. ಅದರ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ಆಘಾತವನ್ನು ಗಮನಿಸಿದ ಆರು ತಾಸಿನೊಳಗೆ ವರದಿ ಮಾಡಬೇಕು. ಆರು ತಾಸೆಂದರೆ ಒಂದು ರಾತ್ರಿಯ ನಿದ್ದೆಗಿಂತ ಕಡಿಮೆ. ಆ ಹೊತ್ತಿನಲ್ಲಿ ಎಚ್ಚರವಿರುವವರು ಯಾರು?

ಪ್ರತಿಯೊಂದು ಸಣ್ಣ ಬೇಂಕೂ ತನ್ನದೇ ಕಾವಲು ಪಡೆ ಕಟ್ಟಲಾರದು ಎಂಬುದನ್ನು ಒಪ್ಪಬೇಕು. ಅದಕ್ಕೆ ಸಹಕಾರದಲ್ಲೇ ಪರಿಹಾರವಿದೆ. ನೂಲು ಗಿರಣಿಯನ್ನು ನೇಕಾರರು ಕೂಡಿ ಕಟ್ಟಬಲ್ಲರಾದರೆ, ಹತ್ತಿಪ್ಪತ್ತು ಬೇಂಕುಗಳು ಸೇರಿ ಒಂದು ಕಾವಲು ಕೇಂದ್ರವನ್ನೇಕೆ ನಡೆಸಬಾರದು? ನಗರ ಸಹಕಾರಿ ಬೇಂಕುಗಳ ಒಂದು ರಾಷ್ಟ್ರೀಯ ಆಸರೆ ಸಂಸ್ಥೆ 2024ರ ಮಾರ್ಚ್ 2ರಂದು ಉದ್ಘಾಟನೆಗೊಂಡಿದ್ದು, ಸಣ್ಣ ಬೇಂಕುಗಳಿಗೆ ತಂತ್ರಜ್ಞಾನದ ನೆರವು ಅದರ ಉದ್ದೇಶಗಳಲ್ಲೊಂದು. ಆ ಕೇಂದ್ರಗಳು ಮುಂಬಯಿಯಲ್ಲೇ ನೆಲೆಸದೆ ಕೊಲ್ಲಾಪುರದಂಥ ಜಿಲ್ಲಾ ಕೇಂದ್ರಗಳಿಗೆ ಬಂದರೆ ಅಲ್ಲಿಯ ನಾಲ್ಕು ಮಂದಿ ಪದವೀಧರರಿಗೆ ಮನೆಯ ಊಟ ಉಂಡು ಮಾಡುವ ಉದ್ಯೋಗವಾದರೂ ಸಿಕ್ಕೀತು.

ಉದ್ಯೋಗದ ಮಾತು ಬಂದುದರಿಂದ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಬೇಂಕುಗಳು ನೇಮಕ ಮಾಡಿಕೊಳ್ಳುವ ಮೊದಲೇ ಕಳ್ಳರು ನೇಮಕ ಮಾಡಿಕೊಳ್ಳುತ್ತಿದ್ದಾರೆ! ಕಾಸ್ಮಾಸ್ ಪ್ರಕರಣದಲ್ಲಿ ಪೊಲೀಸರ ಕೈಗೆ ಸಿಕ್ಕವರು ಆ ತಂತ್ರಾಂಶವನ್ನು ಬರೆದವರಲ್ಲ. ನಕಲು ಕಾರ್ಡು ಹಿಡಿದು ಎ.ಟಿ.ಎಂ. ಕೋಣೆಗೆ ಹೋದವರು, ಅವರನ್ನು ಒಟ್ಟುಗೂಡಿಸಿದವರು, ಮಹಾರಾಷ್ಟ್ರದ ಬೇರೆ ಬೇರೆ ಊರುಗಳವರು. ಕೋಣೆಯ ಕ್ಯಾಮರಾ ಅವರ ಮುಖವನ್ನು ಹಿಡಿದಿಟ್ಟಿತ್ತು. 2023ರ ಏಪ್ರಿಲಿನಲ್ಲಿ ಪುಣೆಯ ನ್ಯಾಯಾಲಯ 11 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಒಂಬತ್ತು ಮಂದಿಗೆ ನಾಲ್ಕು ವರ್ಷ, ಇಬ್ಬರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಸೂತ್ರಧಾರರ ಮಾತೇನು? ವಿಶ್ವಸಂಸ್ಥೆಯ ತಜ್ಞರ ಸಮಿತಿ 2019ರ ತನ್ನ ವರದಿಯಲ್ಲಿ ಈ ದಾಳಿಯನ್ನು ಉತ್ತರ ಕೊರಿಯಾದ ಕೃತ್ಯಗಳ ಸಾಲಿನಲ್ಲಿ ಸೇರಿಸಿತು. 2021ರ ಫೆಬ್ರವರಿಯಲ್ಲಿ ಅಮೆರಿಕ ಆ ದೇಶದ ಮೂವರು ತಂತ್ರಾಂಶಗಾರರ ಮೇಲೆ ಬೇಂಕು ಲೂಟಿಗಳ ಆರೋಪವನ್ನು ಪ್ರಕಟಿಸಿತು. ಅವರು ಯಾವ ಕೋರ್ಟಿನ ಕಟಕಟೆಯನ್ನೂ ಹತ್ತಿಲ್ಲ. ಭಾರತದ ಒಂದು ಬೇಂಕಿನಿಂದ 2018ರಲ್ಲಿ ತೆಗೆದ ಹಣವನ್ನೂ ಸೇರಿಸಿ ಕಳ್ಳಹಣವನ್ನು ಸಾಗಿಸಲು ನೆರವಾದ ಒಬ್ಬನಿಗೆ ಅಮೆರಿಕದ ನ್ಯಾಯಾಲಯ 11 ವರ್ಷ 8 ತಿಂಗಳ ಶಿಕ್ಷೆ ಕೊಟ್ಟಿತು. ಕೂಲಿಯವರು ಜೈಲಿಗೆ, ಯಜಮಾನರು ಸಮುದ್ರದಾಚೆ.

ಇಂದು ಈ ಕೂಲಿ ಇನ್ನಷ್ಟು ಸುಲಭದ ರೂಪ ತಾಳಿದೆ. ಎ.ಟಿ.ಎಂ. ಕೋಣೆಗೆ ಹೋಗುವ ಶ್ರಮವೂ ಇಲ್ಲ. 'ನಿನ್ನ ಖಾತೆಯನ್ನು ಸ್ವಲ್ಪ ದಿನ ಕೊಡು, ಸಿಮ್ಮೂ ಎ.ಟಿ.ಎಂ. ಕಾರ್ಡೂ ನಮ್ಮ ಬಳಿ ಇರಲಿ, ಇಷ್ಟು ಸಾವಿರ ಕೊಡುತ್ತೇವೆ' ಎಂದು ಕಾಲೇಜು ಹುಡುಗರಿಗೆ ಆಸೆ ತೋರಿಸುವುದು ಎಲ್ಲ ರಾಜ್ಯಗಳಲ್ಲೂ ನಡೆಯುತ್ತಿದೆ. ಎಲ್ಲೋ ಒಬ್ಬ ನಿವೃತ್ತ ಮೇಷ್ಟ್ರನ್ನು ಹೆದರಿಸಿ ಕಿತ್ತ ಹಣ ಈ ಬಾಡಿಗೆ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಮೊದಲು ತಟ್ಟುವ ಬಾಗಿಲು ಖಾತೆಯ ಒಡೆಯನದೇ. ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ತಂದೆತಾಯಂದಿರು ಮಕ್ಕಳೊಡನೆ ಒಂದು ಮಾತು ಆಡಿಟ್ಟಿರುವುದು ಒಳ್ಳೆಯದು. ಇನ್ನೊಬ್ಬರಂತೆ ನಟಿಸಿ ಗಣಕಯಂತ್ರದ ಮೂಲಕ ಮೋಸ ಮಾಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66 ಡಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸವಿದೆ. ಆ ಕಾಯಿದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಳ್ಳಿಯ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಮಾತ್ರ ಇದ್ದರೆ ದೂರು ಹೊತ್ತು ಇನ್ನೊಂದು ಕಡೆಗೆ ನಡೆಯಬೇಕಾದೀತು. ಇಲ್ಲಿಯೂ ಅದೇ ಕೊರತೆ: ಕೆಲಸವಿದೆ, ಕೆಲಸ ಬಲ್ಲವರು ಸಾಲದು.

ಹಣ ಕಳೆದುಕೊಂಡವರು ತಿಳಿದಿರಬೇಕಾದುದು ಕೆಲವೇ ಸಂಗತಿ. 1930 ಎಂಬ ದೂರವಾಣಿಗೆ ಕೂಡಲೇ ಕರೆಮಾಡಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆಯಿದೆ. ರಿಸರ್ವ್ ಬೇಂಕಿನ 2017ರ ಆದೇಶದಲ್ಲಿ, ಆ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬೇಂಕುಗಳಿಗೂ ವಿಸ್ತರಿಸಿದ ಆದೇಶದಲ್ಲಿ, ಗಿರಾಕಿಯದೂ ಬೇಂಕಿನದೂ ಅಲ್ಲದ ತಪ್ಪಿನಿಂದ ಹಣ ಹೋಗಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲವೆಂದು ಹೇಳಿದೆ. ಒ.ಟಿ.ಪಿ.ಯನ್ನು ತಾನೇ ಹೇಳಿಕೊಟ್ಟವರಿಗೆ, ಬೇಂಕಿಗೆ ತಿಳಿಸುವವರೆಗಿನ ನಷ್ಟದಲ್ಲಿ ಈ ರಕ್ಷಣೆ ಇಲ್ಲ. ಐದು ಲಕ್ಷದವರೆಗಿನ ಠೇವಣಿ ವಿಮೆ ಬೇಂಕು ಮುಳುಗಿದರೆ ಸಿಗುವಂಥದು, ಖಾತೆಗೆ ಕಳ್ಳ ನುಗ್ಗಿದರೆ ಸಿಗುವಂಥದಲ್ಲ. ಇಚಲಕರಂಜಿಯವರಿಗೆ ಆ ವಿಮೆಯ ಅರ್ಥ ಚೆನ್ನಾಗಿ ಗೊತ್ತು. 2021ರ ಜನವರಿಯಲ್ಲಿ ಶಿವಂ ಸಹಕಾರಿ ಬೇಂಕಿನ, 2023ರ ಡಿಸೆಂಬರಿನಲ್ಲಿ ಶಂಕರರಾವ್ ಪೂಜಾರಿ ನೂತನ ನಾಗರಿ ಸಹಕಾರಿ ಬೇಂಕಿನ ಪರವಾನಿಗೆಯನ್ನು ರಿಸರ್ವ್ ಬೇಂಕು ರದ್ದುಮಾಡಿತ್ತು. ಅವುಗಳ ಪತನಕ್ಕೆ ಗಣಕಯಂತ್ರದ ಕಳ್ಳರು ಕಾರಣರಲ್ಲ, ಬಂಡವಾಳದ ಕೊರತೆ ಕಾರಣ. ಬಂಡವಾಳಕ್ಕೇ ತತ್ವಾರವಾದ ಕಡೆ ಕಾವಲಿಗೆ ಹಣ ಎಲ್ಲಿಂದ ಬರಬೇಕು?

ಮಹಾರಾಷ್ಟ್ರದ ಪತಸಂಸ್ಥೆಗಳು, ನಮ್ಮ ಕೇರಳದ ಪ್ರಾಥಮಿಕ ಕೃಷಿ ಸಾಲ ಸಂಘಗಳು ರಿಸರ್ವ್ ಬೇಂಕಿನ ಪರವಾನಿಗೆಯಿಂದ ನಡೆಯುವಂಥವಲ್ಲ, ಅವು ರಾಜ್ಯದ ಸಹಕಾರ ಇಲಾಖೆಯ ಅಧೀನ. ನಾಮಫಲಕದಲ್ಲಿ 'ಬೇಂಕು' ಎಂದಿದ್ದರೂ ಸರಿಯೆ, ಮೇಲೆ ಹೇಳಿದ ಸೈಬರ್ ಭದ್ರತೆಯ ಆದೇಶಗಳು, ಠೇವಣಿ ವಿಮೆ ಅವಕ್ಕೆ ಅನ್ವಯಿಸವು. ಅಡಿಕೆ ಮಾರಿದ ಹಣವನ್ನು ಊರಿನ ಸಂಘದಲ್ಲಿಟ್ಟವರು ಮುಂದಿನ ಮಹಾಸಭೆಯಲ್ಲಿ ಚಹಾ ಕುಡಿದು ಬರುವ ಬದಲು, 'ನಮ್ಮ ಲೆಕ್ಕ ಯಾವ ಕಂಪೆನಿಯ ಯಂತ್ರದಲ್ಲಿದೆ, ನಕಲು ಪ್ರತಿ ಎಲ್ಲಿದೆ, ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ' ಎಂದು ಕೇಳಿದರೆ ತಪ್ಪಾಗದು.

ಇನ್ನು ಭಾಷೆಯ ಪ್ರಶ್ನೆ. ಗಡಹಿಂಗ್ಲಜದ ಕನ್ನಡ ಮನೆಯ ಅಜ್ಜಿಗೆ ಬೇಂಕಿನ ಅರ್ಜಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ನಮ್ಮಲ್ಲಿ ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ. ತ್ರಿಭಾಷೆಯ ನಿಯಮದಲ್ಲಿ ಪ್ರಾದೇಶಿಕ ಭಾಷೆಯೆಂದರೆ ರಾಜ್ಯದ ಭಾಷೆ ಎಂದೇ ನಡೆದುಬಂದಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿತು. ಬೇಂಕು ಸರಕಾರಿ ಕಚೇರಿಯಲ್ಲ. 'ಯಾರಿಗೂ ಹೇಳಬೇಡಿ' ಎಂಬ ಎಚ್ಚರಿಕೆಯ ಸಂದೇಶ ಓದಲಾಗದ ಭಾಷೆಯಲ್ಲಿ ಬಂದರೆ ಅಜ್ಜಿ ಅದನ್ನು ಪಕ್ಕದ ಮನೆಯ ಹುಡುಗನಿಗೆ ತೋರಿಸಿ 'ಏನಂತೆ ಮಗಾ' ಎಂದು ಕೇಳುತ್ತಾಳೆ. ಗುಟ್ಟು ಅಲ್ಲಿಗೆ ಮುಗಿಯಿತು. ಕಳ್ಳನಾದರೋ ಆಕೆಯ ಭಾಷೆಯಲ್ಲೇ ಸೊಗಸಾಗಿ ಮಾತಾಡುತ್ತಾನೆ.

ಈ ವಿಷಯದಲ್ಲಿ ಹೊಸ ಕಾನೂನೊಂದು ಬಾಗಿಲು ತೆರೆದಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ಜನರ ವಿವರಗಳನ್ನು ಪಡೆಯುವ ಸಂಸ್ಥೆ ಅದಕ್ಕಾಗಿ ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕೆಂದಿದೆ. ಯಾವ ರಾಜ್ಯದಲ್ಲಿ ಎಂಬ ಪ್ರಶ್ನೆಯನ್ನು ಕಾಯಿದೆ ಎತ್ತಿಯೇ ಇಲ್ಲ. ಭದ್ರತೆಯಲ್ಲಿ ಲೋಪ ಮಾಡಿದವರಿಗೆ 250 ಕೋಟಿಯವರೆಗೆ ದಂಡವೂ ಇದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಗಡಹಿಂಗ್ಲಜದ ಶಾಖೆಯಲ್ಲೂ ಕಾಸರಗೋಡಿನ ಶಾಖೆಯಲ್ಲೂ ಕನ್ನಡದ ಸೂಚನೆ ಕೇಳುವವರು ಇರಬೇಕು. ಅದನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆದುಕೊಡಬಲ್ಲ, ಕಾನೂನನ್ನೂ ಯಂತ್ರವನ್ನೂ ಬಲ್ಲ ನಾಲ್ಕು ಜನರನ್ನು ಬೇಂಕುಗಳು ಈಗಿನಿಂದಲೇ ಹುಡುಕಬೇಕು.